ಒಂದೇ ಫೋನಿನಿಂದ ಇಪ್ಪತ್ತಮೂರು ಬೆಂಬಲ

ಅರ್ಜಿಯಲ್ಲಿ ಒಟ್ಟು ಹನ್ನೊಂದು ಪ್ರಶ್ನೆಗಳಿದ್ದವು. ಹತ್ತಕ್ಕೆ ಉತ್ತರ ಬರೆಯಲು ಎರಡು ವಾರದ ಮಧ್ಯಾಹ್ನಗಳು ಸಾಕಾದವು. ಹನ್ನೊಂದನೆಯದು ಪ್ರಶ್ನೆಯೇ ಅಲ್ಲ, ಬರೀ ಖಾಲಿ ಜಾಗ. ‘ಈ ಯೋಜನೆಯನ್ನು ಬೆಂಬಲಿಸುವವರು ಇಲ್ಲಿ ಬರೆಯಿರಿ’ ಎಂದಿತ್ತು. ಆ ಖಾಲಿ ಜಾಗವೇ ನನ್ನನ್ನು ಆ ಮಳೆಗಾಲದಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಎಷ್ಟೋ ಸಲ ಬಸ್ಸು ಹತ್ತಿಸಿ ಇಳಿಸಿತು.

ಅಂತರ್ಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಒಂದು ವಿಶ್ವಕೋಶವಿದೆ. ಕನ್ನಡದಲ್ಲೂ ಇದೆ. ಮಕ್ಕಳು ಹಾಸ್ಟೆಲ್ ಸೇರಿದ ಮೇಲೆ ಊಟದ ಪಾತ್ರೆ ತೊಳೆದಿಟ್ಟು ಸಂಜೆಯ ಕಾಫಿವರೆಗಿನ ಹೊತ್ತನ್ನು ನಾನು ಅದಕ್ಕೆ ಕೊಡುತ್ತಿದ್ದೆ. ಒಂದು ದಿನ ನಮ್ಮ ಕಡೆಯ ಹೊಗೆಸೊಪ್ಪಿನ ಬೇಸಾಯದ ಬಗ್ಗೆ ಇದ್ದ ಪುಟ ತೆರೆದೆ. ಫೋಟೊಗಳು ಬೇಕಾದಷ್ಟಿದ್ದವು. ಹರಾಜಿನ ಮಾರುಕಟ್ಟೆಯಲ್ಲಿ ಕೈಕಟ್ಟಿ ನಿಂತ ಗಂಡಸರು, ಹೊಲದ ಬದುವಿನ ಮೇಲೆ ಗಂಡಸರು, ಎಲೆ ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ಇಡುವ ಗಂಡಸರು. ಕೊಯ್ದ ಎಲೆಯನ್ನು ಕಡ್ಡಿಗೆ ಕಟ್ಟುವವರು, ಬೆಂದ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವವರು ಹೆಚ್ಚಿನಂಶ ಹೆಂಗಸರೇ. ಅವರು ಮಾತ್ರ ಇಲ್ಲ. ಒಂದು ಫೋಟೊದ ಅಂಚಿನಲ್ಲಿ ಹಸಿರು ಗಾಜಿನ ಬಳೆ ತೊಟ್ಟ ಒಂದು ಕೈ ಕಂಡಿತು, ಅಷ್ಟೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿನ ಪುಟಗಳಲ್ಲಿ ‘ಪ್ರಮುಖರು’ ಎಂಬ ಪಟ್ಟಿ ಹುಡುಕಿದೆ. ಅಲ್ಲೂ ಅದೇ ಕಥೆ.

ಇದನ್ನು ಹಂಪಾಪುರದ ಕಡೆಯ ಒಂದು ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿಗೆ ಹೇಳಿದೆ. ಕಾಡಂಚಿನ ಗಿರಿಜನರ ಹಾಡಿಯಲ್ಲಿ ಬೆಳೆದು ಬಿ.ಎ. ಓದಿದ ಹುಡುಗಿ. ನನಗಿಂತ ಮೊದಲೇ ಈ ವಿಶ್ವಕೋಶದಲ್ಲಿ ಬರೆಯುತ್ತಿದ್ದಳು, ಅಡಿಟಿಪ್ಪಣಿ ಹಾಕುವುದನ್ನು ನನಗೆ ಫೋನಿನಲ್ಲೇ ಕಲಿಸಿಕೊಟ್ಟವಳು. ನಾವಿಬ್ಬರು ಬರೆದರೆ ಎಷ್ಟು ಬರೆದೇವು, ನಾಲ್ಕು ತಾಲ್ಲೂಕಿನ ಹೆಂಗಸರನ್ನು ಕೂರಿಸಿ ಕಾರ್ಯಾಗಾರ ಮಾಡೋಣ, ತಮ್ಮ ಕಡೆಯವರ ಬಗ್ಗೆ ಅವರೇ ಬರೆಯಲಿ, ತಮ್ಮ ಕೆಲಸದ ಫೋಟೊ ಅವರೇ ಹಾಕಲಿ ಎಂದು ಇಬ್ಬರೂ ಮಾತಾಡಿಕೊಂಡೆವು. ಇಂಥ ಕೆಲಸಕ್ಕೆ ಅನುದಾನ ಕೊಡುವ ಸಂಸ್ಥೆಯೊಂದು ವಿದೇಶದಲ್ಲಿತ್ತು. ಅರ್ಜಿ ಇಂಗ್ಲಿಷಿನಲ್ಲಿ ಹಾಕಬೇಕು. ಕಾನ್ವೆಂಟಿನ ಸಿಸ್ಟರುಗಳು ಅಷ್ಟು ಮುತುವರ್ಜಿಯಿಂದ ಕಲಿಸಿದ ನನ್ನ ಇಂಗ್ಲಿಷು ಮಕ್ಕಳ ರಜಾ ಚೀಟಿ ಬರೆಯುವುದಕ್ಕೆ ಬಿಟ್ಟರೆ ಅಲ್ಲಿಯವರೆಗೆ ಬೇರೆ ಕೆಲಸ ಕಂಡಿರಲಿಲ್ಲ. ನನಗೆ ಹುರುಪು ಬಂತು.

ಸಮಸ್ಯೆ ಏನು, ಗುರಿ ಏನು, ಗುರಿ ಮುಟ್ಟಿದ್ದನ್ನು ಅಳೆಯುವುದು ಹೇಗೆ, ಖರ್ಚು ಯಾವುದಕ್ಕೆ. ಒಂದೊಂದಕ್ಕೂ ಒಂದೊಂದು ಪುಟ ಬರೆದೆ. ಎರಡು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಐದು, ಹುಣಸೂರಿನ ಒಂದು ಹೋಟೆಲಿನ ಸಭಾಂಗಣ, ಇಪ್ಪತ್ತೈದು ಜನ, ‘ಪ್ರತಿಯೊಬ್ಬರ ಬಳಿಯೂ ಸ್ವಂತ ಫೋನು ಅಥವಾ ಲ್ಯಾಪ್‌ಟಾಪ್’. ಆ ಕೊನೆಯ ಮಾತನ್ನು ಬರೆಯುವಾಗ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಹಾಗೆ ಬರೆದರೆ ಅರ್ಜಿ ಗಟ್ಟಿಯಾಗಿ ಕಾಣುತ್ತದೆ ಎಂದಷ್ಟೇ ಯೋಚಿಸಿದ್ದೆ.

ಅರ್ಜಿ ಗುಟ್ಟಿನದಲ್ಲ. ಎಲ್ಲರಿಗೂ ಕಾಣುವ ಪುಟದಲ್ಲಿ ಇರುತ್ತದೆ, ಎಲ್ಲೆಲ್ಲಿಂದಲೋ ಬಂದವರು ಕೆಳಗೆ ಪ್ರಶ್ನೆ ಕೇಳುತ್ತಾರೆ. ಮೊದಲ ಪ್ರಶ್ನೆ, ಖರ್ಚಿನ ಪಟ್ಟಿಯಲ್ಲಿರುವ ‘ಜೊತೆಗೆ ಬರುವವರ ಊಟ’ ಎಂದರೇನು, ಅವರೂ ಬರೆಯುತ್ತಾರೆಯೇ ಎಂದು. ಇಲ್ಲ, ಅವರು ಅತ್ತೆಯಂದಿರು ಎಂದು ಉತ್ತರಿಸಿದೆ. ಸೊಸೆ ಎರಡು ದಿನ ಹೊರಗೆ ಹೋಗುವುದಾದರೆ ಅತ್ತೆಯೂ ಒಂದು ಸಲ ಬಂದು ಜಾಗ ನೋಡಿ ಹೋಗುತ್ತಾರೆ, ಊಟದ ಹೊತ್ತಿಗೇ ಬರುತ್ತಾರೆ ಎಂದು ವಿವರಿಸಿದೆ. ಕೇಳಿದಾತ ಒಂದು ನಗುವಿನ ಗುರುತು ಹಾಕಿ, ಸರಿ, ಆ ಖರ್ಚು ಇರಲಿ ಎಂದು ಬರೆದ. ಅರ್ಧ ಗೆದ್ದೆ ಎಂದುಕೊಂಡೆ.

ಇನ್ನುಳಿದದ್ದು ಬೆಂಬಲ. ಪಿರಿಯಾಪಟ್ಟಣದ ಹತ್ತಿರದ ಒಂದು ಹಳ್ಳಿಯ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ನನಗೆ ಪರಿಚಯ. ಮಾತು ಜೋರು, ಕೆಲಸ ಅದಕ್ಕಿಂತ ಜೋರು. ಅವರಿಗೆ ವಿಷಯ ತಿಳಿಸಿ, ಯಾರ್ಯಾರಿಗೆ ಇಷ್ಟವೋ ಅವರು ಖಾತೆ ತೆರೆದು ಒಂದು ಸಾಲು ಬರೆಯಲಿ ಎಂದೆ. ಸಾಲು ಹೇಗಿರಬೇಕು ಎಂದು ಅವರು ಕೇಳಿದರು. ಸಿಸ್ಟರು ಬೋರ್ಡಿನ ಮೇಲೆ ಮಾದರಿ ವಾಕ್ಯ ಬರೆದುಕೊಡುತ್ತಿದ್ದಂತೆ ನಾನೂ ಒಂದು ಮಾದರಿ ಕಳುಹಿಸಿದೆ: ‘ನಾನು ಈ ಕಾರ್ಯಾಗಾರವನ್ನು ಹೃತ್ಪೂರ್ವಕವಾಗಿ ಬೆಂಬಲಿಸುತ್ತೇನೆ.’ ಆ ಹಳ್ಳಿಯಲ್ಲಿ ಹೃತ್ಪೂರ್ವಕವಾಗಿ ಎಂದು ಬಾಯಲ್ಲಿ ಅಂದವರು ಒಬ್ಬರಾದರೂ ಇರಲಾರರು.

ಭಾನುವಾರ ಮಧ್ಯಾಹ್ನ ಅವರ ಫೋನು ಬಂತು. ದನಿಯಲ್ಲಿ ಹಬ್ಬ.

“ಇಪ್ಪತ್ಮೂರೂ ಮುಗೀತು ಮೇಡಂ. ಆರ್ ಜನ ಆಗ್ತಿದ್ದಂಗೆ ಅದು ಮುನಿಸ್ಕೊಬುಡ್ತು, ಇವತ್ತಿಗೆ ಸಾಕು ಅಂತು. ನಾವ್ ಬುಡ್ತೀವಾ. ಪಕ್ಕದ್ ಮನೆ ಹಾಟ್‌ಸ್ಪಾಟ್ ಈಸ್ಕಂಡೋ. ಅದೂ ಆರ್ ಜನಕ್ಕೆ ನಿಂತೋಯ್ತು. ಆಮೇಲೆ ಡೈರಿ ಸೆಕ್ರೆಟ್ರೀದು, ಆಮೇಲೆ ಸ್ಕೂಲ್ ಮೇಷ್ಟ್ರುದು.”

ನಾನೂ ನಕ್ಕೆ, ಅಭಿನಂದಿಸಿದೆ. ಪುಟ ತೆರೆದು ನೋಡಿದೆ. ಇಪ್ಪತ್ತಮೂರು ಹೆಸರು, ಮೂರು ನಾಲ್ಕು ನಿಮಿಷಕ್ಕೊಂದರಂತೆ, ಒಂದರ ಕೆಳಗೊಂದು. ಇಪ್ಪತ್ತಮೂರೂ ಹೃತ್ಪೂರ್ವಕ. ಹೂವಿನ ಮಾಲೆಯಂತೆ ಕಂಡಿತು ನನಗೆ.

ಮಂಗಳವಾರ ಬೆಳಿಗ್ಗೆ ಆ ಇಪ್ಪತ್ತಮೂರು ಹೆಸರಿನ ಮೇಲೂ ಅಡ್ಡಗೆರೆ ಬಿದ್ದಿತ್ತು. ಖಾತೆಗಳನ್ನೆಲ್ಲ ತಡೆಹಿಡಿದಿದ್ದರು. ಕೆಳಗೆ ಹಿರಿಯ ಸ್ವಯಂಸೇವಕರೊಬ್ಬರ ಟಿಪ್ಪಣಿ. ಒಂದೇ ಫೋನಿನಿಂದ, ಒಂದೇ ವಾಕ್ಯ, ಒಂದೇ ಮಧ್ಯಾಹ್ನ. ಒಂದು ಸಂಪರ್ಕದಿಂದ ದಿನಕ್ಕೆ ಆರೇ ಹೊಸ ಖಾತೆ ಎಂಬ ಮಿತಿ ತಪ್ಪಿಸಲು ಮೂರು ಸಲ ಸಂಪರ್ಕ ಬದಲಿಸಲಾಗಿದೆ. ಇದು ಒಬ್ಬರೇ ಮಾಡಿದ ಕೆಲಸವೆಂದು ತೋರುತ್ತದೆ. ಅರ್ಜಿದಾರರು ಏಳು ದಿನದೊಳಗೆ ಉತ್ತರಿಸಬೇಕು, ಇಲ್ಲವಾದರೆ ಅರ್ಜಿಯನ್ನು ಪರಿಗಣಿಸುವುದಿಲ್ಲ.

ಅರ್ಜಿದಾರಳು ನಾನು. ಹಾಲು ಉಕ್ಕಿ ಒಲೆಯ ಮೇಲೆ ಹರಿದದ್ದೂ ಗೊತ್ತಾಗಲಿಲ್ಲ. ಎರಡು ವರ್ಷ ಒಂದು ಅಲ್ಪವಿರಾಮವನ್ನೂ ಅಜಾಗರೂಕತೆಯಿಂದ ಹಾಕದವಳು ನಾನು. ಈಗ ಲೋಕವೆಲ್ಲ ನೋಡುವ ಪುಟದಲ್ಲಿ ಮೋಸಗಾರಳು. ನಮ್ಮ ಮನೆಯವರು ಕನ್ನಡಕ ಏರಿಸಿ ಟಿಪ್ಪಣಿಯನ್ನು ಎರಡು ಸಲ ಓದಿ, “ಇಷ್ಟು ವರ್ಷಕ್ಕೆ ನಿನ್ನ ಮೇಲೆ ಒಂದು ಕೇಸ್ ಆಯ್ತು ನೋಡು, ಲಾಯರ್ ಹುಡುಕ್ಲಾ” ಎಂದರು. ನಗು ಬರಲಿಲ್ಲ. ಆದರೆ ಅವರೇ ಒಲೆ ಒರೆಸಿದರು.

ಅನುದಾನ ಸಂಸ್ಥೆಯ ಅಧಿಕಾರಿ ಮಾರನೆಯ ದಿನ ವಿಡಿಯೊ ಕರೆಯಲ್ಲಿ ಸಿಕ್ಕಳು. ಚಿಕ್ಕ ವಯಸ್ಸು, ಮೃದು ಮಾತು. ಅವಳು ಹೇಳಿದ ದಾರಿ ಸುಲಭವಾಗಿತ್ತು. ಆ ಇಪ್ಪತ್ತಮೂರು ಹೆಸರನ್ನು ಪೂರ್ತಿ ಕೈಬಿಡಿ, ಮೈಸೂರು ಬೆಂಗಳೂರಿನ ಅನುಭವಿ ಸಂಪಾದಕರು ಐದು ಜನರಿಂದ ಬೆಂಬಲ ಬರೆಸಿ, ಸಮಿತಿ ಒಪ್ಪುತ್ತದೆ, ಆಮೇಲೆ ಕಾರ್ಯಾಗಾರಕ್ಕೆ ಯಾರನ್ನು ಬೇಕಾದರೂ ಕರೆಯಿರಿ ಎಂದಳು. ಅಂಥ ಐದು ಜನ ನನಗೆ ಗೊತ್ತಿದ್ದರು. ಸಂಜೆಯೊಳಗೆ ಮುಗಿಯುವ ಕೆಲಸ. ಯೋಚಿಸಿ ಹೇಳುತ್ತೇನೆ ಎಂದೆ.

ಅದಕ್ಕಿಂತ ಮೊದಲು ಆ ಇಪ್ಪತ್ತಮೂರು ಜನಕ್ಕೆ ವಿಷಯ ತಿಳಿಸಬೇಕಿತ್ತು. ಪಿರಿಯಾಪಟ್ಟಣದಲ್ಲಿ ಇಳಿದು ಆಟೊ ಹಿಡಿದು ಹಳ್ಳಿಗೆ ಹೋದೆ. ಸೊಪ್ಪು ಕೊಯ್ಯುವ ಕಾಲ. ಬ್ಯಾರನ್ನಿನ ಮುಂದಿನ ಚಪ್ಪರದಡಿ ಹತ್ತು ಹನ್ನೆರಡು ಜನ ಕಾಲು ಚಾಚಿ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದರು. ಎಲೆಯ ಅಂಟು ಹತ್ತಿ ಎಲ್ಲರ ಬೆರಳೂ ಕಪ್ಪು. ಅಧ್ಯಕ್ಷೆಯ ಸೊಸೆಯ ಫೋನು ನಡುವೆ ಒಂದು ಚೀಲದ ಮೇಲಿತ್ತು. ಬೆರಳಿಟ್ಟರೆ ಅದು ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ. ಹಾಗಾಗಿ ಸೊಸೆ ಗುಪ್ತಸಂಖ್ಯೆಯನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತಿದ್ದಳು, ಕೈ ಒರೆಸಿಕೊಂಡವರು ಒತ್ತುತ್ತಿದ್ದರು.

ನಾನು ನಡೆದದ್ದನ್ನು ಹೇಳಿದೆ. ಒಬ್ಬರದು ಬಿಟ್ಟು ಕಟ್ಟುವ ಕೈಗಳೆಲ್ಲ ನಿಂತವು.

“ನಮ್ಮನ್ನ ಕಳ್ರು ಅಂದ್ರಾ ಮೇಡಂ?” ಅಧ್ಯಕ್ಷೆ ಕೇಳಿದರು.

ಒಬ್ಬಳೇ ಇಪ್ಪತ್ತಮೂರು ಹೆಸರಿನಲ್ಲಿ ಬರೆದಿದ್ದಾಳೆ ಅಂದುಕೊಂಡಿದ್ದಾರೆ ಎಂದೆ.

“ಒಬ್ಳೇ ಬರ್ದಿರದು ದಿಟಾನೇ ಅಲ್ವಾ, ನಮ್ ಸೊಸೆ ಬರುದ್ಲು. ಸಂಘದಲ್ಲಿ ಇನ್ನೆಂಗ್ ಮಾಡ್ತಾರೆ ಏಳಿ? ನಡಾವಳಿ ಬುಕ್ನಲ್ಲಿ ಒಬ್ರು ಬರೀತಾರೆ, ಮಿಕ್ಕೋರು ಕೆಳಗೆ ಸೈನ್ ಆಕ್ತಾರೆ. ಬ್ಯಾಂಕ್ನೋರೇ ಒಪ್ಕತಾರೆ. ಇವ್ರುದು ಅದ್ಯಾವ್ ದೊಡ್ ಬ್ಯಾಂಕು ಕಣ್ರೀ?”

ಚಪ್ಪರದಡಿ ನಗು ಹರಡಿತು. ನನಗೆ ಮಾತ್ರ ಎಲ್ಲವೂ ಒಂದೇ ಸಲಕ್ಕೆ ತಿಳಿಯಿತು. ಅವರು ನಿಯಮ ಮುರಿದಿರಲಿಲ್ಲ, ತಮ್ಮ ನಿಯಮ ಪಾಲಿಸಿದ್ದರು. ಸಂಘವೆಂದರೆ ಎಲ್ಲರೂ ಒಂದೇ ಮಾತು ಆಡುವುದು. ಅವರವರೇ ಒಂದೊಂದು ಮಾತು ಬರೆದರೆ ಅಲ್ಲಿ ಜಗಳವೆಂದು ಅರ್ಥ. ವಿಶ್ವಕೋಶದವರಿಗೋ, ಎಲ್ಲರೂ ಒಂದೇ ಮಾತು ಆಡಿದರೆ ಮೋಸವೆಂದು ಅರ್ಥ. ನಡುವೆ ನಿಂತು ಮಾದರಿ ವಾಕ್ಯ ಹಂಚಿದವಳು ನಾನು.

ಹಿಂದಿರುಗುವ ಬಸ್ಸಿನಲ್ಲಿ ಹಂಪಾಪುರದ ಹುಡುಗಿಗೆ ಫೋನು ಮಾಡಿದೆ. ಸುಲಭದ ದಾರಿಯ ಬಗ್ಗೆಯೂ ಹೇಳಿದೆ.

“ಅಕ್ಕ, ಬೇಜಾರ್ ಮಾಡ್ಕೋಬೇಡಿ. ಫಾರಂಗೆ ಏನು ಬೇಕೋ ಅದ್ನ ನೀವು ಚೆಂದಾಗಿ ಬರ್ದಿದ್ದೀರಿ. ನಮ್ಗೇನು ಬೇಕು ಅಂತ ಯಾರ್ನೂ ಕೇಳ್ನಿಲ್ಲ. ಎಲ್ರತ್ರನೂ ಸ್ವಂತ ಫೋನು ಅಂತ ಬರುದ್ರಲ್ಲ, ನಮ್ ಹಾಡೀಲಿ ನಾಕು ಮನೆಗೆ ಒಂದು ಫೋನು.”

ಬೇಜಾರಾಯಿತು, ಆಗಲಿಲ್ಲ ಎಂದರೆ ಸುಳ್ಳು. ಆದರೆ ಹುಣಸೂರಿನ ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು. ಹೆಂಗಸರು ಕಾಣುವುದಿಲ್ಲ ಎಂದು ಅರ್ಜಿ ಹಾಕಿ, ಅದೇ ಹೆಂಗಸರನ್ನು ಅಳಿಸಿ ಅನುದಾನ ತರುವುದು ನನ್ನಿಂದಾಗದು. ಐದು ಜನ ಅನುಭವಿಗಳನ್ನು ಕೇಳಲಿಲ್ಲ.

ಮಾರನೆಯ ಮಧ್ಯಾಹ್ನ ಉತ್ತರ ಬರೆಯಲು ಕೂತೆ. ಹೌದು, ಒಂದೇ ಫೋನಿನಿಂದ ಬರೆದದ್ದು. ಹೌದು, ಸಂಪರ್ಕ ಬದಲಿಸಿದ್ದು. ವಾಕ್ಯ ಕೊಟ್ಟವಳು ನಾನು, ತಪ್ಪು ನನ್ನದು. ಆ ಇಪ್ಪತ್ತಮೂರನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಆದರೆ ಅವರು ಇಪ್ಪತ್ತಮೂರು ಜನ ಇರುವುದು ನಿಜ ಎಂದು ಬರೆದು, ಅಧ್ಯಕ್ಷೆಯನ್ನು ಕೇಳಿ ತರಿಸಿಕೊಂಡ ನಡಾವಳಿ ಪುಸ್ತಕದ ಒಂದು ಪುಟದ ಫೋಟೊ ಲಗತ್ತಿಸಿದೆ. ಹೆಸರುಗಳು ಕಾಣದಂತೆ ಮಸುಕು ಮಾಡಿದ್ದೆ. ಮೇಲೆ ಒಂದೇ ಕೈಬರಹದ ನಾಲ್ಕು ಸಾಲು, ಕೆಳಗೆ ಮಸುಕಿನಲ್ಲೂ ಬೇರೆ ಬೇರೆ ಎಂದು ತಿಳಿಯುವ ಸಹಿಗಳು. ದಪ್ಪ, ಸಣ್ಣ, ಓರೆ, ಎರಡು ಹೆಬ್ಬೆಟ್ಟು. ಸ್ವಂತ ಫೋನಿನ ಮಾತನ್ನು ಅರ್ಜಿಯಿಂದ ತೆಗೆದೆ. ಪಂಚಾಯ್ತಿ ಗ್ರಂಥಾಲಯಗಳ ಕಂಪ್ಯೂಟರು ಕೇಳಿ ನೋಡುತ್ತೇವೆ, ಬಾಡಿಗೆಗೆ ಲ್ಯಾಪ್‌ಟಾಪ್ ಬೇಕು ಎಂದು ಸೇರಿಸಿದೆ.

ಟಿಪ್ಪಣಿ ಬರೆದ ಹಿರಿಯರ ಉತ್ತರ ಮೂರನೆಯ ದಿನ ಬಂತು. ಫೋನು ಹಂಚಿಕೊಳ್ಳುವುದು ತಪ್ಪಲ್ಲ, ಹಂಚಿಕೊಂಡದ್ದನ್ನು ಹೇಳದಿರುವುದು ತಪ್ಪು. ಯಾರಿಗೆ ಬರೆಯಬೇಕೆನಿಸುತ್ತದೋ ಅವರು ತಮ್ಮ ಖಾತೆಯ ಪುಟದಲ್ಲಿ ‘ಈ ಫೋನನ್ನು ಸಂಘದವರೊಂದಿಗೆ ಹಂಚಿಕೊಂಡಿದ್ದೇನೆ’ ಎಂದು ಬರೆದರೆ ತಡೆ ತೆಗೆಯುತ್ತೇನೆ, ಆದರೆ ಇನ್ನು ಮುಂದೆ ಅವರವರ ಮಾತು ಅವರವರೇ ಬರೆಯಬೇಕು ಎಂದಿದ್ದರು. ಚರ್ಚೆಗೆ ಇನ್ನೈದು ದಿನ ಕೊಟ್ಟರು.

ನಾನು ಮತ್ತೆ ಹಳ್ಳಿಗೆ ಹೋದೆ. ಈ ಸಲ ಮಾದರಿ ವಾಕ್ಯ ಇರಲಿಲ್ಲ. ಏನು ಬರೆಯಬೇಕೆಂದು ಕೇಳಿದವರಿಗೆಲ್ಲ, ನಿಮಗೆ ಏನನ್ನಿಸುತ್ತದೋ ಅದು ಎಂದೆ. ಅದು ಅವರಿಗೆ ಬಹಳ ಕಷ್ಟದ ಉತ್ತರವಾಗಿತ್ತು. ಒಬ್ಬರು ಬಳೆಯನ್ನು ಮೊಣಕೈವರೆಗೆ ಏರಿಸಿ ಫೋನು ಹಿಡಿದು ಕಾಲು ಗಂಟೆ ಕೂತು, ‘ನಮ್ಮೂರ ಸೂಲಗಿತ್ತಿ ಬಗ್ಗೆ ಪೇಪರಿನಲ್ಲಿ ಬಂದಿತ್ತು’ ಎಂದಷ್ಟೇ ಬರೆದು ಎದ್ದುಹೋದರು. ನಾಲ್ಕು ದಿನದಲ್ಲಿ ಇಪ್ಪತ್ತಮೂರರಲ್ಲಿ ಹತ್ತು ಜನ ಬರೆದರು. ಕೆ.ಆರ್. ನಗರದ ಕಡೆಯ ಭೇರ್ಯದ ನಿವೃತ್ತ ಶಿಕ್ಷಕಿಯೊಬ್ಬರು ಅರ್ಜಿಯ ಪುಟ ಕಂಡು ತಾವಾಗಿಯೇ ಬರೆದು, ಉಳಿದವರ ಕಾಗುಣಿತವನ್ನೂ ತಿದ್ದಲು ಹೊರಟರು. ಬೇರೆಯವರ ಮಾತನ್ನು ಇಲ್ಲಿ ತಿದ್ದುವಂತಿಲ್ಲ ಎಂದು ಅವರನ್ನು ಒಪ್ಪಿಸುವುದೇ ಒಂದು ಕೆಲಸವಾಯಿತು.

ಕೊನೆಯ ದಿನ ಮಧ್ಯಾಹ್ನ ಹನ್ನೊಂದನೆಯವರದು ಬಂತು. ಎರಡು ಹಸು ಸಾಕಿದ ಹೆಂಗಸು. ಚಪ್ಪರದಡಿ ಅಂದು ಎಲ್ಲರೂ ನಗುವಾಗ ನಗದೆ ಎಲೆ ಕಟ್ಟುತ್ತಲೇ ಇದ್ದವರು. ಅವರು ಬರೆದದ್ದು ಹೀಗಿತ್ತು:

‘ಬೆಂಬಲ ಇಲ್ಲ. ಐದು ಗಂಟೆಗೆ ಹುಣಸೂರಲ್ಲಿ ಬಿಟ್ಟರೆ ನಾನು ಊರು ಸೇರುವುದು ಏಳಕ್ಕೆ. ಹಾಲು ಕರೆದು ಡೈರಿಗೆ ಹಾಕುವವರು ಯಾರು. ಇದನ್ನು ಹಾಕಿದವರು ಹಸು ಕಟ್ಟಿಲ್ಲ ಅಂತ ಕಾಣುತ್ತದೆ. ಮೂರೂವರೆಗೆ ಬಿಟ್ಟರೆ ಬರುತ್ತೇನೆ.’

ಇಷ್ಟೆಲ್ಲ ಆದ ಮೇಲೆ ನಮ್ಮ ಕಡೆಯಿಂದಲೇ ವಿರೋಧ. ಸಮಿತಿ ಮಾರನೆಯ ದಿನ ಕೂರುವುದಿತ್ತು. ಐದೇ ನಿಮಿಷಕ್ಕೆ ಅಧ್ಯಕ್ಷೆಯ ಫೋನು. ಸೊಸೆ ಅವರಿಗೆ ಓದಿ ಹೇಳಿದ್ದಳು.

“ನೀವ್ ತಲೆ ಕೆಡಿಸ್ಕೋಬ್ಯಾಡಿ ಮೇಡಂ. ಅವಳ್ ಮನೆಗೋಗಿ ಅಳಿಸ್ಕೊಂಡೇ ಬತ್ತೀನಿ. ಸಂಘದ್ ಮಾನ ಕಳೀತಾಳೆ.”

ಒಂದು ಕ್ಷಣ ಹೂಂ ಅನ್ನಬೇಕೆನಿಸಿತು. ಆಮೇಲೆ ಆ ಸಾಲುಗಳನ್ನು ಮತ್ತೆ ಓದಿದೆ. ಇಡೀ ಪುಟದಲ್ಲಿ, ನಾನು ಇಂಗ್ಲಿಷಿನಲ್ಲಿ ಬರೆದ ಹತ್ತು ಉತ್ತರಗಳನ್ನೂ ಸೇರಿಸಿ, ಕಾರ್ಯಾಗಾರಕ್ಕೆ ನಿಜವಾಗಿ ಬರುವ ಹೆಂಗಸಿನ ಬಗ್ಗೆ ಸರಿಯಾದ ಮಾಹಿತಿ ಇದ್ದದ್ದು ಇದೊಂದರಲ್ಲೇ.

“ಬೇಡ, ಇರಲಿ. ಅವರು ಹೇಳಿದ್ದು ಸರಿ ಇದೆ” ಎಂದೆ.

“ಸರಿ ಅಯ್ತೆ, ಆದ್ರೆ ಅಂಗ್ ಎಲ್ರ ಮುಂದೆ ಬರೀಬೇಕಾ?”

ಎಲ್ಲರ ಮುಂದೆ ಬರೆಯುವುದನ್ನು ಕಲಿಸುವುದಕ್ಕೇ ಅಲ್ಲವೇ ನಾವು ದುಡ್ಡು ಕೇಳುತ್ತಿರುವುದು ಎಂದೆ. ಅವರು ಸ್ವಲ್ಪ ಯೋಚಿಸಿ, ಅಂಗಾದ್ರೆ ಮುದ್ದೆ ವಿಷಯಾನೂ ಬರೀಬೌದಿತ್ತು, ಓಟ್ಲು ಪಲಾವ್ ಯಾರಿಗ್ ಬೇಕು ಎಂದು ಫೋನಿಟ್ಟರು.

ಆ ಸಾಲಿನ ಕೆಳಗೇ ಎಲ್ಲರಿಗೂ ಕಾಣುವಂತೆ ಉತ್ತರ ಬರೆದೆ. ಹಸು ಕಟ್ಟಿಲ್ಲ, ನಿಜ. ಎರಡು ದಿನದ ಬದಲು ಮೂರು ದಿನ, ಹತ್ತರಿಂದ ಮೂರೂವರೆ. ಜಾಗ ಹುಣಸೂರಿನ ಹೋಟೆಲಲ್ಲ, ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹತ್ತಿರದ ಸಮುದಾಯ ಭವನ. ಊಟಕ್ಕೆ ಮುದ್ದೆ. ಹೋಟೆಲಿನ ಬಾಡಿಗೆಯಲ್ಲಿ ಉಳಿದದ್ದರಲ್ಲೇ ಮೂರನೆಯ ದಿನ ನಡೆಯುತ್ತದೆ ಎಂದು ಅರ್ಜಿಯನ್ನೂ ಅದರಂತೆ ತಿದ್ದಿದೆ.

ಸಮಿತಿ ಒಂದು ದಿನವಲ್ಲ, ಹತ್ತು ದಿನ ತೆಗೆದುಕೊಂಡಿತು. ಅಷ್ಟು ದಿನವೂ ನಾನು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಪುಟ ನೋಡುತ್ತಿದ್ದೆ. ಒಪ್ಪಿಗೆ ಬಂದದ್ದು ನಾನು ಈರುಳ್ಳಿ ಹೆಚ್ಚುವಾಗ. ಕಣ್ಣೀರಿಗೆ ಕಾರಣ ಹೇಳುವ ಕಷ್ಟ ತಪ್ಪಿತು. ಅಧಿಕಾರಿ ಕರೆ ಮಾಡಿ, ಸಮಿತಿಯ ಅನುಮಾನ ಕಳೆದದ್ದು ಆ ವಿರೋಧದ ಸಾಲು ಓದಿದ ಮೇಲೆ ಎಂದಳು. ಸುಳ್ಳು ಖಾತೆ ಸೃಷ್ಟಿಸುವವರು ತಮ್ಮ ಅರ್ಜಿಯನ್ನು ತಾವೇ ವಿರೋಧಿಸುವುದಿಲ್ಲವಲ್ಲ, ಅದೂ ಹಸುವಿನ ಕಾರಣಕ್ಕೆ ಎಂದು ನಕ್ಕಳು. ಎಲ್ಲಕ್ಕಿಂತ ಮೊದಲು ಅದನ್ನು ಅಧ್ಯಕ್ಷೆಗೆ ತಿಳಿಸಿದೆ. ಅವರು ಹಸುವಿನ ಹೆಂಗಸಿಗೆ ಹೇಳಿದರಂತೆ. ಹೊತ್ತು ಮೀರಬಾರದು ಎಂದಷ್ಟೇ ಆಕೆ ಅಂದರಂತೆ.

ಕಾರ್ಯಾಗಾರ ನಡೆದದ್ದು ಸೊಪ್ಪಿನ ಕೆಲಸ ಮುಗಿದ ಮೇಲೆ. ಬಾಡಿಗೆಗೆ ಎಂಟು ಲ್ಯಾಪ್‌ಟಾಪ್, ಗ್ರಂಥಾಲಯಗಳಿಂದ ಮೂರು ಕಂಪ್ಯೂಟರು, ಒಂದೊಂದರ ಮುಂದೆ ಇಬ್ಬರು. ಹಂಪಾಪುರದ ಹುಡುಗಿ ತಾನು ಜೋಡಿಸಿಟ್ಟಿದ್ದ ಪತ್ರಿಕೆ ತುಣುಕುಗಳನ್ನು ಒಂದು ಅಕ್ಕಿ ಚೀಲದಲ್ಲಿ ತುಂಬಿ ತಂದಿದ್ದಳು. ಯಾರ ಬಗ್ಗೆ ಬರೆದರೂ ಇಂಥ ಕಡೆ ಅಚ್ಚಾಗಿದೆ ಎಂದು ತೋರಿಸಬೇಕು ಎಂದು ಅವಳು ಹೇಳಿದಾಗ, ಅಚ್ಚಾಗದವರ ಗತಿ ಏನು ಎಂದು ಯಾರೋ ಕೇಳಿದರು. ಅವರ ಕೆಲಸದ ಫೋಟೊ ಹಾಕೋಣ, ಅದಕ್ಕೆ ಪೇಪರ್ ಬೇಡ ಎಂದಳು. ಸೂಲಗಿತ್ತಿಯ ಪುಟ ಎರಡನೆಯ ದಿನ ಆಯಿತು. ಅತ್ತೆಯಂದಿರು ಒಂಬತ್ತು ಜನ ಬಂದರು, ಊಟದ ಹೊತ್ತಿಗೇ ಬಂದರು. ಅವರಲ್ಲಿಬ್ಬರು ಊಟ ಮುಗಿದರೂ ಹೋಗದೆ, ಎಲೆ ಕಟ್ಟುವ ಫೋಟೊದ ಕೆಳಗೆ ಸೊಸೆ ಬರೆದ ವಿವರಣೆಯಲ್ಲಿ ತಪ್ಪು ಹುಡುಕಿ ಕೊಟ್ಟರು. ಆ ತಪ್ಪು ನಿಜವಾಗಿಯೂ ತಪ್ಪೇ ಆಗಿತ್ತು.

ಹಸುವಿನ ಹೆಂಗಸು ಮೂರು ದಿನವೂ ಬಾಗಿಲ ಹತ್ತಿರವೇ ಕೂತರು. ಮೂರೂಕಾಲಾದರೆ ಚೀಲ ಮಡಿಲಿಗೆ ಬರುತ್ತಿತ್ತು. ಕೊನೆಯ ದಿನ ಆ ಹೊತ್ತಿಗೆ ನೋಡಿದರೆ ಇನ್ನೂ ಟೈಪು ಮಾಡುತ್ತಿದ್ದರು, ಒಂದೇ ಬೆರಳಿನಲ್ಲಿ. ನಾನು ಹತ್ತಿರ ಹೋಗಲಿಲ್ಲ. ಅವರು ಎದ್ದು, ಬತ್ತೀನಿ ಕಣವ್ವ ಎಂದು ಬಸ್ಸಿಗೆ ಹೊರಟ ಮೇಲೆ ಲ್ಯಾಪ್‌ಟಾಪ್ ಮುಚ್ಚಲು ಹೋದೆ. ನಮ್ಮ ಅರ್ಜಿಯ ಪುಟ ತೆರೆದೇ ಇತ್ತು. ಅವರ ಹಳೆಯ ಸಾಲಿನ ಕೆಳಗೆ, ನನ್ನ ಉತ್ತರದ ಕೆಳಗೆ, ಹೊಸದೊಂದು ಸಾಲು:

‘ಮೂರು ದಿನವೂ ಮೂರೂವರೆಗೇ ಬಿಟ್ಟರು. ಈಗ ಬೆಂಬಲ ಇದೆ.’

ಒಪ್ಪಿಗೆಯಾಗಿ ಮುಗಿದ ಚರ್ಚೆಗೆ ಆಮೇಲೆ ಯಾರೂ ಏನನ್ನೂ ಸೇರಿಸಬಾರದು ಎಂದು ಪುಟದ ತಲೆಯಲ್ಲೇ ಕೆಂಪಕ್ಷರದಲ್ಲಿ ಬರೆದಿದೆ. ಆ ಒಂದು ನಿಯಮವನ್ನು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ. ಇವತ್ತಿಗೂ ಹೇಳಿಕೊಟ್ಟಿಲ್ಲ.